ಬಿಸ್ಕೀಟಿನ ದಪ್ಪ

ಅವರ ಎಡಗೈ ಹೆಬ್ಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಉಳಿದರ್ಧವನ್ನು ಸಾಣೆಚಕ್ರ ದಿನಾ ತಿನ್ನುತ್ತಿತ್ತು. ಬೆರಳ ಗೆರೆಗಳಲ್ಲಿ ಕಲ್ಲಿನ ಬೂದು ಕೆಸರು ಒಣಗಿ ಕೂತಿರುತ್ತಿತ್ತು. ಹೊನ್ನಾವರದ ಪೇಟೆಯ ಓಣಿಯೊಂದರಲ್ಲಿ, ಉಂಗುರಕ್ಕೂ ಪದಕಕ್ಕೂ ಕಲ್ಲು ಕೊಯ್ದು ಹೊಳಪು ಕೊಡುವ ಅಂಗಡಿ ಅವರದು. ಮಂಕಿಯಿಂದ ಸಂತೆಗೆ ಹೋದಾಗೆಲ್ಲ ನಾನು ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದೆ. ನನಗೆ ಅವರು ಕಲ್ಲಿನ ಅಂಗಡಿಯ ಅಣ್ಣ.

ಅಳತೆಯ ಪಟ್ಟಿ ಇದ್ದರೂ ಗಿರಾಕಿಗೆ ದಪ್ಪ ಹೇಳುವುದು ಚಹಾದ ಜೊತೆಗಿನ ಬಿಸ್ಕೀಟಿನ ಲೆಕ್ಕದಲ್ಲೇ. "ಪದಕಕ್ಕೆ ಒಂದು ಬಿಸ್ಕೀಟು ದಪ್ಪ ಬೇಕೇ ಬೇಕು. ಗರಗಸ ಒಂದಿಷ್ಟು ತಿನ್ತದೆ, ಸಾಣೆ ಒಂದಿಷ್ಟು ತಿನ್ತದೆ. ಉಳಿದದ್ದು ನಿಮ್ಗೆ" ಎನ್ನುವರು. ಗರಗಸಕ್ಕೆ ಕೊಡುವ ಮೊದಲು ಯಾರದೇ ಕಲ್ಲಾಗಲಿ, ಕಣ್ಣಿಗೆ ಒತ್ತಿಕೊಳ್ಳುವರು.

ಹಲ್ಲು ಹೋದ ಮೇಲೆ ನಮ್ಮಪ್ಪ ಅಡಿಕೆ ಜಜ್ಜಲು ಇಟ್ಟುಕೊಂಡಿದ್ದ ಒಂದು ಹಸಿರು ಕಲ್ಲಿತ್ತು, ನಡುವೆ ಬಿಳಿ ಗೆರೆ. ಮಿರ್ಜಾನದಲ್ಲಿ ಹೊಳೆಯ ದಡದಿಂದ ಹೆಕ್ಕಿ ತಂದದ್ದು. ಅಪ್ಪ ತೀರಿಕೊಂಡ ಮೇಲೆ ಕುಮಟಾದಲ್ಲಿರುವ ನನ್ನ ತಂಗಿ ಅದನ್ನು ನನ್ನ ಕೈಗೆ ಕೊಟ್ಟು, "ಅಕ್ಕ, ನಿನಗೊಂದು ನನಗೊಂದು ಪದಕ ಮಾಡಿಸು" ಎಂದಿದ್ದಳು.

ಅಣ್ಣ ಕಲ್ಲನ್ನು ನೀರಲ್ಲಿ ಅದ್ದಿ ಹಲಗೆಯ ಮೇಲಿಟ್ಟರು. ಎಲ್ಲ ಕಡೆ ಒಣಗಿದರೂ ಕೂದಲೆಳೆಯಂಥ ಒಂದು ಗೆರೆ ಮಾತ್ರ ಒದ್ದೆಯಾಗಿಯೇ ಉಳಿಯಿತು.

"ನೋಡಿ, ಇಲ್ಲಿ ಒಳಗೆ ಬಿರುಕುಂಟು. ಜಜ್ಜಿ ಜಜ್ಜಿ ಆದದ್ದು. ದಪ್ಪ ಬಿಟ್ರೆ ತಡೀತದೆ. ಎರಡೇ ಬಿಲ್ಲೆ."

"ನಾಲ್ಕು ಮಾಡಿ ಅಣ್ಣ. ನನ್ನ ಮಗಳಿಗೊಂದು, ತಂಗಿ ಮಗಳಿಗೊಂದು. ತೆಳು ಕೊಯ್ದ್ರೆ ಆತು."

"ಹಪ್ಪಳ ಬೇಕಾದ್ರೆ ನನ್ನ ಹತ್ರ ಎಂತಕ್ಕೆ ಬಂದ್ರಿ? ಮನೇಲೇ ಲಟ್ಟಿಸಿ."

ನಾನೂ ಬಿಡಲಿಲ್ಲ. ಮೆಟ್ಟುಗತ್ತಿಯಲ್ಲಿ ಒಂದು ಬಾಳೆಕಾಯಿಯನ್ನು ಇಡೀ ಮನೆಗೆ ಸಾಕಾಗುವಷ್ಟು ತೆಳುವಾಗಿ ಹೆಚ್ಚುವವಳು ನಾನು ಎಂಬ ಜಂಬ. "ದೇವರ ಮೇಲೆ ಭಾರ ಹಾಕಿ ಕೊಯ್ಯಿರಿ" ಎಂದೆ.

"ದೇವ್ರ ಮೇಲೆ ಹಾಕಿ, ತಂಗಿ. ಈ ಕಲ್ಲಿನ ಮೇಲೆ ಹಾಕಬೇಡಿ."

ಆದರೂ ನಾನು ಹಟ ಹಿಡಿದೆ. ಕೊನೆಗೆ, "ಕಲ್ಲು ನಿಮ್ದು" ಎಂದು ನಾಲ್ಕು ಬಿಲ್ಲೆಗೆ ಗೆರೆ ಹಾಕಿಕೊಂಡರು.

ಎಂಟು ದಿನ ಬಿಟ್ಟು ತಂಗಿಯನ್ನೂ ಕರೆದುಕೊಂಡು ಹೋದೆ. ನಾಲ್ಕು ಎಂದು ಅವಳಿಗೆ ಹೇಳಿರಲಿಲ್ಲ. ನೋಡಿ ಸಂತೋಷಪಡಲಿ ಎಂದು. ಅಣ್ಣ ಕಾಗದದ ಪೊಟ್ಟಣ ಬಿಚ್ಚಿದರು. ಗರಗಸ ದಾಟಿ ಬಂದ ನಾಲ್ಕು ಬಿಲ್ಲೆಗಳೂ ಸಾಣೆಗೆ ಹಿಡಿದಾಗ ಒಡೆದಿದ್ದವು. ಚೂರುಗಳು.

ತಂಗಿ ಅಂಗಡಿಯಲ್ಲೇ ಅತ್ತಳು. ಆಮೇಲೆ ಕೂಗಿದಳು. "ನಮ್ಮಪ್ಪನ ಕಲ್ಲು ಅದು! ಕೊಯ್ಯಲಿಕ್ಕೆ ಬರೂದಿಲ್ಲ ಅಂದ್ರೆ ಅಂಗಡಿ ಎಂತಕ್ಕೆ ಇಟ್ಕೊಂಡದ್ದು? ಕಣ್ಣು ಕಾಣದಿದ್ರೆ ಮನೇಲಿ ಕೂತ್ಕೊಳ್ಳಿ!" ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

ಅಣ್ಣ ನನ್ನ ಮುಖವನ್ನು ಒಂದೇ ಒಂದು ಸಲ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

"ದಪ್ಪದ ಅಂದಾಜು ತಪ್ಪಿತು, ತಂಗಿ," ಎಂದು ಅವಳಿಗೆ ಹೇಳಿದರು. "ನನ್ನದೇ ತಪ್ಪು."

ಸಂಜೆ ದೀಪ ಹಚ್ಚಿ, ಆ ದಿನ ದೇವರು ಮಾಡಿದ ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ಬಸ್ಸಲ್ಲಿ ಸೀಟು ಸಿಕ್ಕಿದ್ದು, ಮಗಳ ಜ್ವರ ಇಳಿದದ್ದು, ಇಂಥವು. ಬರೆಯಲು ನಾಚಿಕೆಯಾಗುತ್ತದೆ: ಅಂದು ಅಣ್ಣ ಬಾಯಿ ಬಿಡದೇ ಇದ್ದದ್ದನ್ನೂ ನಾನು ಆ ಪಟ್ಟಿಗೆ ಸೇರಿಸಿ ಕೈಮುಗಿದೆ.

ತಂಗಿ ಕುಮಟಾದಲ್ಲಿ ಕಂಡವರಿಗೆಲ್ಲ ಆ ಅಂಗಡಿಗೆ ಹೋಗಬೇಡಿ ಎಂದು ಹೇಳಿಕೊಂಡು ಬಂದಳು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಚೌತಿಗೆ ಅವಳಿಗೆ ನಿಜ ಹೇಳೋಣ ಎಂದುಕೊಂಡೆ, ಆಮೇಲೆ ದೀಪಾವಳಿಗೆ ಎಂದುಕೊಂಡೆ. ಓಣಿಯ ದಾರಿಯನ್ನೇ ಬಿಟ್ಟು ಸುತ್ತು ಹಾಕಿ ಸಂತೆಗೆ ಹೋದೆ. ಒಂದು ದಿನ ಪೇಟೆಯಲ್ಲಿ ಹೂ ಮಾರುವವಳೊಬ್ಬಳು ಹೇಳಿದಳು, ಅಣ್ಣ ತೀರಿಕೊಂಡು ಹದಿನೈದು ದಿನವಾಯಿತಂತೆ.

ಮನೆಗೆ ಬಂದವಳೇ ತಂಗಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಎರಡೇ ಎಂದದ್ದು, ನಾನು ನಾಲ್ಕಕ್ಕೆ ಹಟ ಹಿಡಿದದ್ದು, ಸೆರಗು ಸರಿಮಾಡಿಕೊಂಡದ್ದು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

ಅವಳು ಕೇಳಿದ್ದು ಇಷ್ಟೇ: "ಅಕ್ಕ, ಅಷ್ಟು ಜನರ ಎದುರಿಗೆ ಅವ್ರಿಗೆ ಕಣ್ಣು ಕಾಣೂದಿಲ್ಲ ಅಂದೆನಲ್ಲೇ. ಈಗ ನಾ ಯಾರ ಹತ್ರ ಹೋಗಿ ತಪ್ಪಾತು ಅನ್ನೂದು?"