ವರ್ತೂರಿನ ಶಿಬಿರಕ್ಕೆ ಒಯ್ದ ವಿಭೂತಿ

ವರ್ತೂರು ಕೆರೆಯಾಚೆಯ ತೋಟದಲ್ಲಿ ಹುಡುಗಿಯರ ಶಿಬಿರ. ನಿನ್ನೆ ಸಂಜೆ ಮೊಮ್ಮಗಳು ಸ್ಫೂರ್ತಿ ಫೋನಿನಲ್ಲಿ ಅತ್ತಿದ್ದಳು. ಅವಳನ್ನು ಕರೆದೊಯ್ಯಲೆಂದೇ ಬೆಳಿಗ್ಗೆ ಬಂದೆ. ಡೇರೆ ಕಟ್ಟಿ, ಹಗ್ಗ ಏರಿದರೆ ಹುಡುಗಿಯರ ಭಯ ಹೋಗುತ್ತದೆಂದು ಬಾಗಿಲಲ್ಲಿ ಕೊಟ್ಟ ಕರಪತ್ರ ಹೇಳುತ್ತದೆ. ಅಚ್ಚಾದದ್ದನ್ನೆಲ್ಲ ನಂಬುವ ಅಭ್ಯಾಸ ನನಗಿಲ್ಲ.

ಸ್ಫೂರ್ತಿ ಹಗ್ಗದ ಏಣಿಯ ಕೆಳಗೆ ಸರದಿಗಾಗಿ ನಿಂತಿದ್ದಳು.

“ಅಂಜಿಕಿ ಹೋತೇನವ್ವಾ?” ಎಂದೆ.

“ಇಲ್ಲ ಅಜ್ಜಾ, ಕಾಲು ನಡುಗ್ತಿದೆ ನೋಡು.”

“ಹಂಗಾದ್ರ ನಡಿ, ಮನಿಗೆ ಹೋಗೂಣು.”

“ಬರಲ್ಲ. ನಿನ್ನೆ ಅರ್ಧಕ್ಕೇ ಇಳಿದ್ಬಿಟ್ಟೆ, ಅದಕ್ಕೇ ಅತ್ತಿದ್ದು.”

ಹೆದರಿದ ಮಗುವಿನ ಹಣೆಗೆ ಹಚ್ಚಲೆಂದು ಸೊಸೆ ಕೊಟ್ಟಿದ್ದ ವಿಭೂತಿ ಗಟ್ಟಿಯನ್ನು ಜೇಬಿನಿಂದ ತೆಗೆದೆ. ಸ್ಫೂರ್ತಿ ಅದನ್ನು ಕಸಿದುಕೊಂಡು, ಬೆವೆತ ಅಂಗೈಗಳಿಗೆ ತಿಕ್ಕಿಕೊಂಡಳು.

“ಏ, ಅದು ಹಣಿಗೆ ಹಚ್ಚೋದು!”

“ಕೈ ಜಾರತ್ತೆ ಅಜ್ಜಾ!”

ಗಟ್ಟಿಯನ್ನು ನನ್ನ ಕೈಗೆ ಮರಳಿಸಿ ಅವಳು ನಡುಗುತ್ತಲೇ ಏರಿ, ಏಣಿಯ ತುದಿ ಮುಟ್ಟಿದಳು. ಭಯವಂತೂ ಹೋಗಿರಲಿಲ್ಲ. ಹಾಗಾದರೆ ಕರಪತ್ರ ಸುಳ್ಳೋ, ನಾನು ಬಂದದ್ದೇ ತಪ್ಪೋ?

ಅಷ್ಟರಲ್ಲಿ ಮುಂದಿನ ಹುಡುಗಿ ಎರಡೂ ಕೈ ಚಾಚಿದಳು: “ತಾತ, ನಂಗೂ ಸ್ವಲ್ಪ ಹಾಕಿ.”

ಹಣೆಗೆ ಹಚ್ಚುವಾಗ ‘ಶಿವಾ’ ಎನ್ನುವುದು ನಮ್ಮ ಮನೆಯ ರೂಢಿ. ಅಂಗೈಗೆ ಹಚ್ಚುವಾಗ ಏನೆನ್ನಬೇಕೆಂದು ತಿಳಿಯದೆ, ಅದನ್ನೇ ಎಂದೆ.