ಅಜ್ಜಿ ಹುಡುಕಿದ ಕಲ್ಲು

“ನನ್ ಕಲ್ಲೆಲ್ಲಪ್ಪಾ?” ತಲೆ ಮೇಲೆ ಹಸಿಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ಕೊತ್ತತ್ತಿಯ ನಾಲೆ ಏರಿ ಮೇಲೆ ನಿಂತು ಕೇಳಿದರು. ಭಾನುವಾರ ಬೆಳಿಗ್ಗೆ ನಾವು ವಾಕಿಂಗ್ ಗೆಳೆಯರು ಸೇರಿ ಅಲ್ಲಿ ಕಾಲುದಾರಿ ಮಾಡುತ್ತಿದ್ದೆವು. ಎದೆಮಟ್ಟದ ಎರಡು ಕಂಬಗಳ ಮೇಲೆ ಅಡ್ಡಲಾಗಿದ್ದ ಹಳೇ ಚಪ್ಪಡಿಯನ್ನು ಆಗತಾನೆ ಇಳಿಸಿ, ಬೆಂಚು ಮಾಡಿದ್ದೆವು.

“ಇಲ್ಲಿ ಕೂತು ಸುಧಾರಿಸ್ಕೊಳ್ಳಿ ಅಜ್ಜಿ” ಎಂದು ಹೆಮ್ಮೆಯಿಂದಲೇ ತೋರಿಸಿದೆ.

“ಅಷ್ಟ್ ಕೆಳಿಕ್ ಇಳ್ಸುದ್ರೆ ಮತ್ತೆ ತಲೆ ಮ್ಯಾಕೆ ಎತ್ತೋರ್ಯಾರು? ಅದು ಹೊರೆ ಇಳ್ಸೋ ಕಲ್ಲು ಕಣಪ್ಪಾ. ಒಬ್ಳೇ ಇಳುಸ್ಕಂಡು ಒಬ್ಳೇ ಹೊತ್ಕತಿದ್ದೆ” ಎಂದವರೇ, ನಾವು ಕೈಚಾಚುವಷ್ಟರಲ್ಲಿ ನಡೆದೇಬಿಟ್ಟರು.

ಚಪ್ಪಡಿಯನ್ನು ಅಂದೇ ಮತ್ತೆ ಕಂಬಗಳ ಮೇಲೆ ಕೂರಿಸಿದೆವು. ಈಗ ವಾಕಿಂಗ್ ಹೋದಾಗಲೆಲ್ಲ ಅದರ ಮೇಲೆ ಒಂದೆಳೆ ಹುಲ್ಲಾದರೂ ಬಿದ್ದಿದೆಯೇ ಎಂದು ನೋಡುತ್ತೇನೆ. ಇನ್ನೂ ಸಿಕ್ಕಿಲ್ಲ.