ಬೂದಿಯಲ್ಲಿಟ್ಟ ಇಪ್ಪತ್ತು ಟ್ಯಾಬ್ಲೆಟ್‌ಗಳು

ಟ್ರಂಕಿನ ಮುಚ್ಚಳ ತೆಗೆದಾಗ ಮೊದಲು ಕಂಡದ್ದು ಒಣಗಿದ ಬೇವಿನ ಸೊಪ್ಪು. ಅದರ ಕೆಳಗೆ ಜರಡಿ ಹಿಡಿದ ನುಣ್ಣನೆಯ ಬೂದಿ. ಆ ಬೂದಿಯೊಳಗೆ, ಒಂದರ ಮೇಲೊಂದರಂತೆ ಒಪ್ಪವಾಗಿ, ನಮ್ಮ ಶಾಲೆಯ ಇಪ್ಪತ್ತು ಟ್ಯಾಬ್ಲೆಟ್‌ಗಳು ಮಲಗಿದ್ದವು.

ಅಂದು ಗುರುವಾರ. ಸೋಮವಾರ ಶಾಲೆ ಶುರು. ಟ್ರಂಕು ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆಯದು. ಆಕೆ ನನ್ನ ಪಕ್ಕದಲ್ಲೇ ನಿಂತಿದ್ದಳು, ಮುಖದ ತುಂಬ ನಗು ಇಟ್ಟುಕೊಂಡು.

"ಒಂದಕ್ಕೂ ನುಸಿ ಹತ್ತಿಲ್ಲ ನೋಡ್ರಿ ಅಕ್ಕೋರ. ಬುಡಕ್ಕ ಸಣ್ಣ ಸಣ್ಣ ತೂತ ಇದ್ದುವಲ್ಲ, ಅದ್ರಾಗೂ ಬೂದಿ ಒತ್ತಿ ತುಂಬೇನಿ."

ನಮ್ಮ ಕಡೆ ಬೀಜದ ತೊಗರಿಯನ್ನು ಹಾಗೆಯೇ ಇಡುತ್ತಾರೆ. ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಮುಚ್ಚಿಟ್ಟರೆ ಮಳೆ ಬೀಳುವವರೆಗೂ ಕಾಳಿಗೆ ಹುಳ ಬೀಳುವುದಿಲ್ಲ. ಮನೆಯಲ್ಲಿ ಅದಕ್ಕಿಂತ ಬೆಲೆಬಾಳುವ ವಸ್ತು ಆಕೆಗೆ ಗೊತ್ತಿರಲಿಲ್ಲ. ಇದು ಈಗ ತಣ್ಣಗೆ ಕುಳಿತು ಬರೆಯುವ ಮಾತು. ಆವತ್ತು ನನ್ನ ಮೈಯೆಲ್ಲ ಉರಿದುಹೋಯಿತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ನನ್ನ ಅವ್ವ ಹೇಳಿ ಹೇಳಿ ಸಾಕಾಗಿದ್ದಾಳೆ. ಬಾಯಿಗೆ ಬಂದಂತೆ ಬೈದೆ. ತಲೆಯಲ್ಲಿ ಏನಿದೆ ನಿನಗೆ, ಇದೇನು ತೊಗರಿಯೇ, ಕಡಲೆಯೇ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಆಕೆಯ ನಗು ನಿಧಾನಕ್ಕೆ ಇಳಿಯಿತು. ಸೆರಗಿನಿಂದ ಒಂದು ಟ್ಯಾಬ್ಲೆಟ್ ಒರೆಸತೊಡಗಿದಳು, ನಾನು ಕಸಿದುಕೊಂಡೆ.

ಆ ಟ್ಯಾಬ್ಲೆಟ್‌ಗಳು ರಜೆಯಲ್ಲಿ ಆಕೆಯ ಮನೆಯಲ್ಲಿ ಇರಬೇಕಾದವೇ ಅಲ್ಲ. ನಮ್ಮ ಶಾಲೆ ಆಳಂದದಿಂದ ಜಿಡಗಾ ಕಡೆ ಹೋಗುವಾಗ ಒಳಗೆ ತಿರುಗಿಕೊಳ್ಳುವ ಒಂದು ಸಣ್ಣ ಹಳ್ಳಿಯಲ್ಲಿದೆ. ಕಪಾಟಿನ ಕೋಣೆಗೆ ಗಟ್ಟಿ ಬಾಗಿಲಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಟ್ಯಾಬ್ಲೆಟ್‌ಗಳನ್ನು ಶಿಕ್ಷಕಿಯಾದ ನಾನು ಆಳಂದದ ನನ್ನ ಮನೆಗೆ ಒಯ್ಯಬೇಕು, ಹದಿನೈದು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು. ಒಯ್ದಿದ್ದೇನೆ ಎಂದು ರಿಜಿಸ್ಟರಿನಲ್ಲಿ ಸಹಿಯನ್ನೂ ಮಾಡಿದ್ದೆ. ಆದರೆ ಅವ್ವನ ಕಣ್ಣಿನ ಆಪರೇಷನ್ ಇತ್ತು, ರಜೆ ಪೂರ್ತಿ ಜೇವರ್ಗಿಯ ತವರಿನಲ್ಲಿ ಇರಬೇಕಿತ್ತು. ಬಾಡಿಗೆ ಮನೆಗೆ ಬೀಗ ಹಾಕಿ ಇಪ್ಪತ್ತು ಟ್ಯಾಬ್ಲೆಟ್ ಬಿಟ್ಟುಹೋಗಲು ಧೈರ್ಯ ಸಾಲಲಿಲ್ಲ. "ನಿನ್ನ ಟ್ರಂಕಿನೊಳಗ ಇಡು" ಎಂದು ಆಕೆಗೆ ಕೊಟ್ಟು, ಯಾರಿಗೂ ಹೇಳದೆ ಬಸ್ಸು ಹತ್ತಿದ್ದೆ.

ಶಾಲೆಗೆ ತಂದ ಮೇಲೆ ಕೈಗೆ ಸಿಕ್ಕ ಮೊದಲನೆಯದಕ್ಕೆ, ಏಳನೇ ನಂಬರಿನದಕ್ಕೆ, ಚಾರ್ಜರ್ ತುರುಕಿದೆ. ಬೂದಿ ತುಂಬಿದ ತೂತಿಗೆ ಅದು ಹೋಗಲಿಲ್ಲ. ಸಿಟ್ಟಿನಲ್ಲಿ ಇನ್ನೂ ಒತ್ತಿದೆ. ಒಳಗೆ ಏನೋ ಕಟಕ್ಕೆಂದಿತು.

ಅದನ್ನು ಹಿಡಿದುಕೊಂಡೇ ಹೆಡ್‌ಮಾಸ್ತರರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ, ಆದರೆ ಪುಕ್ಕಲು. ನಿವೃತ್ತಿಗೆ ಹತ್ತಿರ ಬಂದವರು, ನೊಣ ಹಾರಿದರೂ ಕಾಗದ ಕೇಳುತ್ತಾರೆ.

"ಸೋಮವಾರ ತಾಲ್ಲೂಕಿನಿಂದ ಸಾಹೇಬರು ನೋಡಾಕ ಬರ್ತಾರ. ಯಾರಿಂದ ಆತು ಅಂತ ಬರದ ಕೊಡ್ರಿ. ನಾಳೆ ನನ್ನ ತಲಿಗಿ ಬರಬಾರ್ದು."

ನಾನು ನಿಂತಲ್ಲೇ ಬರೆದುಕೊಟ್ಟೆ. ಟ್ಯಾಬ್ಲೆಟ್‌ಗಳನ್ನು ನಾನು ಒಯ್ಯುವ ಮೊದಲೇ ಅಡುಗೆಯವಳು ನನಗೆ ತಿಳಿಸದೆ ಮನೆಗೆ ಒಯ್ದು, ಬೂದಿ ತುಂಬಿ ಹಾಳು ಮಾಡಿದ್ದಾಳೆ. ನಾಲ್ಕೇ ಸಾಲು. ತಿರುಗಿ ಓದಿಯೂ ನೋಡದೆ ಸಹಿ ಹಾಕಿದೆ, ಅಷ್ಟು ಸಿಟ್ಟಿತ್ತು.

ಸಿಟ್ಟು ಇಳಿದದ್ದು ಬಸ್‌ಸ್ಟ್ಯಾಂಡಿನಲ್ಲಿ. ಆಕೆಯ ಅಡುಗೆ ಕೆಲಸದ ಮೇಲೆ ಶಾಲಾ ಸಮಿತಿಯ ಒಬ್ಬರ ಮನೆಯವರ ಕಣ್ಣು ಮೊದಲಿಂದಲೂ ಇತ್ತು. ನನ್ನ ನಾಲ್ಕು ಸಾಲು ಸಾಹೇಬರ ಕೈ ಸೇರಿದರೆ ಆಕೆಯನ್ನು ತೆಗೆಯಲು ಬೇರೆ ನೆಪವೇ ಬೇಡ. ಆಕೆಯ ಮನೆ ನಡೆಯುವುದು ನಮ್ಮ ಶಾಲೆಯ ಒಲೆಯಿಂದ.

ಶುಕ್ರವಾರ ಬೆಳಿಗ್ಗೆ ಹೋದವಳೇ ಚೀಟಿ ವಾಪಸು ಕೇಳಿದೆ. ಹೆಡ್‌ಮಾಸ್ತರರು ಟೇಬಲ್ಲಿನ ಡ್ರಾಯರ್ ಮೇಲೆ ಕೈ ಇಟ್ಟರು.

"ಇಪ್ಪತ್ತೂ ಚಾಲೂ ಆದ್ರ ನಿಮ್ಮ ಮುಂದ ಹರದ ಒಗಿತೇನಿ. ಒಂದ ಬಂದ್ ಇದ್ರೂ ಸಾಹೇಬರ ಕೈಯಾಗ ಕೊಡ್ತೇನಿ."

ಬರೆದದ್ದು ಸುಳ್ಳು ಎಂದು ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ರಿಜಿಸ್ಟರಿನ ಸಹಿ ನೆನಪಾಯಿತು. ಎಲ್ಲವನ್ನೂ ಸರಿಮಾಡಿಬಿಟ್ಟರೆ ಯಾರಿಗೂ ತಿಳಿಯದೆ ಮುಗಿದುಹೋಗುತ್ತದೆ ಎಂದುಕೊಂಡೆ.

ನಾಲ್ಕನೇ ತರಗತಿಯ ಕೋಣೆಯಲ್ಲಿ ಚಾಪೆ ಹಾಸಿ ಕುಳಿತೆ. ಸ್ವಲ್ಪ ಹೊತ್ತಿಗೆ ಆಕೆಯೂ ಬಂದು ಎದುರಿಗೆ ಕುಳಿತಳು. ನಾನು ಕರೆದಿರಲಿಲ್ಲ. ಹೊಸ ಕಸಬರಿಗೆಯಿಂದ ತೆಳ್ಳಗಿನ ಕಡ್ಡಿ ಮುರಿದು, ತುದಿಗೆ ಹತ್ತಿ ಸುತ್ತಿ, ತೂತಿನೊಳಗೆ ಮೆಲ್ಲಗೆ ತಿರುವಿದಳು. ನಾನು ಸೂಜಿಯಿಂದ ಕೆದಕಿ ಒಂದನ್ನು ಮುಗಿಸುವಷ್ಟರಲ್ಲಿ ಆಕೆ ಮೂರು ಮುಗಿಸಿದ್ದಳು. ಬಾಯಿಂದ ಊದಬೇಡ, ಎಂಜಲು ತಾಗಿದರೆ ಬೂದಿ ಮೆತ್ತಿಕೊಳ್ಳುತ್ತದೆ ಎಂದು ನಾನು ಹೇಳುವ ಮೊದಲೇ ಆಕೆಗೆ ಅದು ತಿಳಿದಿತ್ತು.

ಮೇ ತಿಂಗಳ ಕೊನೆ, ಮೇಲೆ ತಗಡು. ಬೆವರು ತೊಟ್ಟಿಕ್ಕಿ ಒಳಗೆ ಬಿದ್ದೀತೆಂದು ಇಬ್ಬರೂ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದೆವು. ಕರೆಂಟು ಒಂದು ತಾಸು ಇದ್ದರೆ ಎರಡು ತಾಸು ಇಲ್ಲ. ಬಂದ ಕೂಡಲೇ ಒಂದೇ ಬೋರ್ಡಿಗೆ ಐದೈದು ಹಚ್ಚುವುದು, ಕಪ್ಪು ಗಾಜಿನ ಮೇಲೆ ಬ್ಯಾಟರಿಯ ಚಿತ್ರ ಮೂಡುವವರೆಗೆ ಉಸಿರು ಹಿಡಿದು ನೋಡುವುದು. ಮೂಡಿದರೆ ಒಂದು ಗೆದ್ದಂತೆ. ಎದ್ದವುಗಳಲ್ಲಿ ಹೋದ ವರ್ಷದ ಮಕ್ಕಳು ತೆಗೆದ ಫೋಟೋಗಳನ್ನೆಲ್ಲ ಅಳಿಸಬೇಕು. ಹಲ್ಲು, ಆಡು, ತಗಡಿನ ಛತ್ತು, ನನ್ನ ಬೆನ್ನು. ಹೊಸ ಪಾಠಗಳನ್ನು ಹಾಕಬೇಕು. ನೆಟ್‌ವರ್ಕ್ ಸಿಗುವುದು ಕಾಂಪೌಂಡಿನ ಮೂಲೆಯಲ್ಲಿ ಮಾತ್ರ, ಅಲ್ಲಿ ಬಿಸಿಲಿಗೆ ನನ್ನ ಫೋನೇ ಕಾದು ಬಂದ್ ಆಗುತ್ತಿತ್ತು.

ಶನಿವಾರ ಮಧ್ಯಾಹ್ನಕ್ಕೆ ಹದಿನಾರು ಎದ್ದವು. ಆಕೆ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದಳು, ನನ್ನ ಮುಂದೆ ಇಟ್ಟಳು. "ಚೀಟಿಯಲ್ಲಿ ನಿನ್ನ ಹೆಸರು ಬರೆದಿದ್ದೇನೆ" ಎಂಬ ಮಾತು ತುಟಿಯವರೆಗೆ ಬಂತು, ನೀರು ಕುಡಿದು ನುಂಗಿಕೊಂಡೆ. ಭಾನುವಾರ ಇನ್ನೂ ಮೂರು ಎದ್ದವು. ಏಳನೇ ನಂಬರಿನದು ಏಳಲಿಲ್ಲ. ಆಕೆ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಬೂದಿ ಇಲ್ರಿ ಇದ್ರಾಗ. ಒಳಗಿನ ನಾಲಿಗಿ ಮುರದದ."

ನನಗೆ ಗೊತ್ತಿತ್ತು. ಮುರಿದದ್ದು ನಾನು.

ಸೋಮವಾರ ಮಕ್ಕಳು ಹೊಸ ಚೀಲಗಳ ಜೊತೆ ಬಂದರು. ಸಾಹೇಬರು ಹನ್ನೊಂದಕ್ಕೆ ಬರುವವರಿದ್ದರು. ಹತ್ತೂವರೆಗೆ ಹೆಡ್‌ಮಾಸ್ತರರು ಒಂದೊಂದೇ ಒತ್ತಿ ನೋಡಿದರು, ಏಳನೆಯದನ್ನು ಬದಿಗಿಟ್ಟರು, ಡ್ರಾಯರ್ ಎಳೆದರು. ಚೀಟಿಯ ಮಡಿಕೆ ಕಂಡಿತು.

"ಅದು ಸುಳ್ಳು ಸರ್" ಎಂದೆ. "ನಾನೇ ಆಕೆಯ ಮನೆಯಲ್ಲಿ ಇಡಿಸಿದ್ದು. ಏಳನೆಯದನ್ನು ಮುರಿದದ್ದೂ ನಾನೇ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯಲಿಲ್ಲ. ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದರು.

"ಹಂಗಿದ್ರ ಇನ್ನೊಂದ ಬರದ ಕೊಡ್ರಿ. ಜಲ್ದಿ."

ಪೆನ್ನು ತೆಗೆದುಕೊಂಡೆ. ಎಲ್ಲವನ್ನೂ ನನ್ನ ಮೇಲೆ ಹಾಕಿಕೊಂಡು ಬರೆದೆ. ನಾನು ಒಯ್ಯಲಿಲ್ಲ, ನಾನು ಇಡಿಸಿದೆ, ನಾನು ಮುರಿದೆ, ಬೂದಿಯನ್ನೂ ನಾನೇ ಹೇಳಿ ಹಾಕಿಸಿದೆ. ಆಕೆಗೆ ಎಲ್ಲಿಂದಲೂ ಒಂದು ಚೂರೂ ತಾಗಬಾರದೆಂದು. ಬರೆದು ತಲೆ ಎತ್ತಿದರೆ ಆಕೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಓದ್ರಿ ಅಕ್ಕೋರ, ಏನ ಬರದ್ರಿ" ಎಂದಳು. "ಆವತ್ತಿಂದು ಸರ್ ಓದಿ ಹೇಳಿದ್ರು. ಇದನ್ನ ನೀವ ಓದ್ರಿ."

ನಾನು ಹೆಡ್‌ಮಾಸ್ತರರ ಮುಖ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿದರು. ಗುರುವಾರ ಸಂಜೆಯೇ ಆಕೆಯನ್ನು ಕರೆಸಿ ನನ್ನ ನಾಲ್ಕು ಸಾಲು ಓದಿ ಹೇಳಿದ್ದರಂತೆ. ಅಂದರೆ ಆ ಮೂರು ದಿನ ಆಕೆ ನನ್ನ ಎದುರಿಗೆ ಕುಳಿತದ್ದು, ಕಡ್ಡಿಗೆ ಹತ್ತಿ ಸುತ್ತಿದ್ದು, ರೊಟ್ಟಿ ತಂದದ್ದು ಎಲ್ಲವೂ ಗೊತ್ತಿದ್ದೇ. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

"ಗೊತ್ತಿದ್ದೂ ಯಾಕೆ ಕೇಳಲಿಲ್ಲ ನನ್ನ?"

"ನೀವ ಹೇಳ್ತೀರಿ ಅಂತ ಕಾಯ್ದೇನ್ರಿ."

ಓದಿದೆ. ಮಕ್ಕಳ ಮುಂದೆ ಎಷ್ಟು ವರ್ಷಗಳಿಂದ ಓದುತ್ತಿದ್ದೇನೆ, ಆ ಒಂದು ಪುಟದ ಕಾಗದದಲ್ಲಿ ಎರಡು ಸಲ ಸಾಲು ತಪ್ಪಿದೆ. ಆಕೆ ತಲೆ ಬಾಗಿಸಿ ಪೂರ್ತಿ ಕೇಳಿದಳು.

"ಬೂದಿ ನೀವೆಲ್ಲಿ ಹಾಕು ಅಂದ್ರಿ? ನಾನ ಹಾಕೇನಿ, ನಂದ ಬುದ್ಧಿಲೆ ಹಾಕೇನಿ. ಆವತ್ತೂ ಸುಳ್ಳು ಬರದ್ರಿ, ಇವತ್ತೂ ಸುಳ್ಳು ಬರಿಯಾಕತ್ತೀರಿ. ಅದನ್ನ ಹೊಡದ ಹಾಕ್ರಿ."

ಹೊರಗೆ ಜೀಪು ನಿಂತ ಸದ್ದಾಯಿತು. ಆ ಸಾಲು ಹೊಡೆದು ಹಾಕಿದೆ, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಬರೆದೆ: ಹುಳ ಹತ್ತಬಾರದೆಂದು ಬೂದಿ ಹಾಕಿದ್ದು ಅಡುಗೆಯವರು. ಮತ್ತೆ ಓದಿಸಿದಳು. ಹ್ಞೂಂ ಅಂದ ಮೇಲೆಯೇ ಕಾಗದ ನನ್ನ ಕೈಯಿಂದ ಹೋಯಿತು.

ಸಾಹೇಬರು ಬೂದಿಯ ಸಾಲಿಗೆ ಬಂದಾಗ ಸ್ವಲ್ಪ ನಕ್ಕರು, ರಿಜಿಸ್ಟರಿನ ಸಹಿ ನೋಡಿದಾಗ ನಗಲಿಲ್ಲ. ನೋಟಿಸು ಬಂದದ್ದು ನನಗೆ, ಬರಬೇಕಾದದ್ದೂ ನನಗೇ. ಹೆಡ್‌ಮಾಸ್ತರರು ಮೊದಲ ಚೀಟಿಯನ್ನು ಹರಿದರು. ಆಕೆ ಈಗಲೂ ಅದೇ ಒಲೆಯ ಮುಂದೆ ಇದ್ದಾಳೆ. ಟ್ಯಾಬ್ಲೆಟ್‌ಗಳನ್ನು ನಾನೇ ಆಳಂದಕ್ಕೆ ಒಯ್ಯುತ್ತೇನೆ. ಪ್ರತಿ ಬೇಸಿಗೆ ರಜೆಯ ಹಿಂದಿನ ದಿನ ನಾನು ರಿಜಿಸ್ಟರ್ ಬರೆಯಲು ಕುಳಿತರೆ ಸಾಕು, ಆಕೆ ಕೈ ಒರೆಸಿಕೊಂಡು ಬಂದು ಕುರ್ಚಿಯ ಹಿಂದೆ ನಿಲ್ಲುತ್ತಾಳೆ.

"ಓದ್ರಿ ಅಕ್ಕೋರ" ಎನ್ನುತ್ತಾಳೆ.

ನಾನು ಓದುತ್ತೇನೆ.